ತೆಗೆದೆನೆಂದು ಹೇಳಿದ ಫೋಟೋ

ವೆಬ್‌ಸೈಟ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಸಿಂದಗಿಯಲ್ಲಿ ಈ ಕೆಲಸವನ್ನು ಮೊದಲು ಹಿಡಿದವರಲ್ಲಿ ನಾನೊಬ್ಬ ಎಂದು ಯಾರೋ ಹೇಳಿರುತ್ತಾರೆ. "ಕಾಕಾ, ಯಾವ ಸಿಎಂಎಸ್ ತಗೊಂಡ್ರ ಚಲೋರಿ?" ಎಂದು ಕೇಳುತ್ತಾರೆ. ಸೈಟ್ ಕಟ್ಟಲು ಯಾವ ಸಾಧನ ಹಿಡಿಯಬೇಕೆಂಬ ಸಾದಾ ಪ್ರಶ್ನೆ. ಆದರೆ ಅದಕ್ಕೆ ನಾನು ನೇರ ಉತ್ತರ ಕೊಡುವುದಿಲ್ಲ. ಚಹಾ ಕೊಟ್ಟು, ಏನೋ ಒಂದು ಹೇಳಿ ಕಳಿಸಿಬಿಡುತ್ತೇನೆ. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮಾಡಿದ ಒಂದು ಆಯ್ಕೆಯಿಂದ, ಅದಕ್ಕಿಂತ ಹೆಚ್ಚಾಗಿ ನಾನು ಆಡಿದ ಒಂದು ಸುಳ್ಳಿನಿಂದ, ಒಬ್ಬ ಹೆಣ್ಣುಮಗಳು ಜೀವಕ್ಕೆ ಅಂಜಿ ಕಟ್ಟಿಕೊಂಡ ಬದುಕು ಬಿಟ್ಟು ಓಡಬೇಕಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸಿಂದಗಿಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಚನಬಸಪ್ಪ ಮಾಲಕರು ಬಾಯಿಂದ ಬೆಂಕಿ, ಒಳಗಿನಿಂದ ಬೆಣ್ಣೆ. ನನ್ನನ್ನು ಬೈಯದೆ ಅವರಿಗೆ ದಿನ ಆರಂಭವಾಗುತ್ತಿರಲಿಲ್ಲ. ಅವರು ಮೊದಲು ಕಲಿಸಿದ್ದು ಎರಡೇ ಪಾಠ. ಒಂದು, ಯಾವುದನ್ನು ಅಚ್ಚು ಹಾಕಿದರೂ ಅಡಿಯಲ್ಲಿ ಪ್ರೆಸ್ಸಿನ ಹೆಸರು, ಊರು ಇರಬೇಕು. ಲಗ್ನಪತ್ರಿಕೆಯಾಗಲಿ, ಸಂಘದ ವರದಿಯಾಗಲಿ, ಅದಿಲ್ಲದೆ ಹಾಳೆ ಹೊರಗೆ ಹೋಗಕೂಡದು. ಇನ್ನೊಂದು, ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ, ತೊಳೆದು, ಆಯಾ ಖಾನೆಗೆ ಹಾಕಬೇಕು. ಮೊಳೆ ಖಾನೆಗೆ ಬಿದ್ದಿತೆಂದರೆ ಆ ಪುಟ ಇಲ್ಲವಾಯಿತು. ಮತ್ತೆ ಬೇಕೆಂದರೆ ಮೊದಲಿನಿಂದ ಜೋಡಿಸಬೇಕು. ಇವೆರಡೂ ಪಾಠ ನನ್ನ ಕೈಯಲ್ಲಿ ಎಷ್ಟು ಕೂತುಬಿಟ್ಟಿದ್ದವೆಂದರೆ, ಕಂಪ್ಯೂಟರ್ ಬಂದ ಮೇಲೂ ನಾನು ಅವುಗಳನ್ನೇ ನಂಬಿದೆ.

ತೊಂಬತ್ತರ ದಶಕದ ಕೊನೆಗೆ ಮೊಳೆಗಳನ್ನು ಗುಜರಿ ವ್ಯಾಪಾರಿ ತೂಕಕ್ಕೆ ಒಯ್ದ. ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂತು. ಕೆಲವು ವರ್ಷಗಳಲ್ಲಿ ಫೋನಿನ ತಂತಿಯ ಮೇಲೆ ಇಂಟರ್ನೆಟ್ಟೂ ಬಂತು. ವಿಜಯಪುರದಲ್ಲಿ ಯಾರೋ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಾರೆಂದು ಕೇಳಿ ಮಾಲಕರು ನನ್ನನ್ನು ಕರೆದರು.

"ಮೌಲಾ, ಮೊಳಿ ಕಲತಿ, ಕಂಪ್ಯೂಟರ್ ಕಲತಿ. ಇದನ್ನೂ ಕಲಿ. ಇಲ್ಲಂದ್ರ ನಿನ್ನೂ ಆ ಮೊಳಿ ಜೋಡಿ ತೂಕಕ್ಕ ಕೊಡ್ತೇನಿ."

ಒಂದೊಂದು ಪುಟವನ್ನೂ ಕೋಡ್ ಬರೆದು ಮಾಡುವಷ್ಟು ವಿದ್ಯೆ ನನಗಿರಲಿಲ್ಲ. ಕೋಡ್ ಗೊತ್ತಿಲ್ಲದವನೂ ಬರಹ, ಫೋಟೋಗಳನ್ನು ಏರಿಸಿ, ಬದಲಿಸಿ, ತೆಗೆಯಲು ಆಗುವಂಥ ಸಿದ್ಧ ವ್ಯವಸ್ಥೆಗಳಿದ್ದವು. ಅದಕ್ಕೇ ಸಿಎಂಎಸ್ ಎನ್ನುವುದು. ಅವುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದೇ ಪ್ರಶ್ನೆ. ನಮ್ಮೂರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ವೀಣಾ ಟೀಚರ್ ಒಂದನ್ನು ತೋರಿಸಿದರು. ಅದು ಪುಕ್ಕಟೆ ಸಿಗುತ್ತಿತ್ತು. ನೋಡಲು ಸಪ್ಪೆ. ಏನೇ ಹಾಕಿದರೂ ಮೊದಲು ಕರಡು ಎಂದು ಇಟ್ಟುಕೊಳ್ಳುತ್ತಿತ್ತು. ಜವಾಬ್ದಾರಿ ಹೊತ್ತ ಒಬ್ಬರು ನೋಡಿ ಒಪ್ಪಿದ ಮೇಲೆಯೇ ಹೊರಗೆ ಬಿಡುತ್ತಿತ್ತು. ಬೇಡವೆಂದರೆ ಪೂರ್ತಿ ಮರೆ ಮಾಡುತ್ತಿತ್ತು. ನಮ್ಮ ಮಾಲಕರು ಸೊಲ್ಲಾಪುರದಿಂದ ಇನ್ನೊಂದನ್ನು ಸಿಡಿಯಲ್ಲಿ ತಂದಿದ್ದರು. ಅದರಲ್ಲಿ ಫೋಟೋ ಏರಿಸಿದರೆ ಸಾಕು, ತಾನೇ ಚೌಕಟ್ಟು ಕಟ್ಟಿ, ಒಂದರ ಹಿಂದೆ ಒಂದು ತಿರುಗಿಸುತ್ತಿತ್ತು. ಮೌಸಿನಿಂದ ಒತ್ತಿದರೆ ಆ ಫೋಟೋ ಬೇರೆಯೇ ಕಿಟಕಿಯಲ್ಲಿ ದೊಡ್ಡದಾಗಿ ತೆರೆದುಕೊಳ್ಳುತ್ತಿತ್ತು.

"ಕಾಕಾ, ಚಂದ ನೋಡಿ ಆರಿಸಬ್ಯಾಡ್ರಿ" ಎಂದರು ವೀಣಾ ಟೀಚರ್. "ಒಂದು ಪುಟ ಹಾಕ್ರಿ. ಆಮ್ಯಾಲೆ ತಗದು ನೋಡ್ರಿ. ಬ್ಯಾರೆ ಕಂಪ್ಯೂಟರಿನ್ಯಾಗ ಕುಂತು ಹುಡುಕ್ರಿ. ಆಗೂ ಸಿಗಲಿಲ್ಲಂದ್ರ ಆ ವ್ಯವಸ್ಥಾ ನಂಬಬಹುದು."

ನಾನು ಬಂದು ಮಾಲಕರಿಗೆ ಹೇಳಿದೆ. ಅವರು ನಕ್ಕರು. "ಟೀಚರ ಮಾತು ಕೇಳಿ ಅಂಗಡಿ ಮುಚ್ಚೂಣೇನು? ಗಿರಾಕಿಗೆ ತನ್ನ ಮಾರಿ ಕಾಣಬೇಕಲೇ. ಹಾಕಿದ್ದನ್ನ ಯಾರರ ತಗಿ ಅಂತಾರೇನು?"

ಮಾಲಕರ ಮಾತು ಸುಳ್ಳೆಂದು ಹೇಳುವಂತಿರಲಿಲ್ಲ. ನಮ್ಮ ಭಾಗದಲ್ಲಿ ಹುಟ್ಟುಹಬ್ಬಕ್ಕೂ ಬ್ಯಾನರ್, ಗೆದ್ದರೂ ಬ್ಯಾನರ್, ಸೋತವನಿಗೆ ಸಾಂತ್ವನ ಹೇಳಲಿಕ್ಕೂ ಬ್ಯಾನರ್. ಅದರಲ್ಲಿ ಯಾರ ಮುಖ ಎಷ್ಟು ದೊಡ್ಡದು ಎಂಬುದಕ್ಕೆ ಜಗಳ. ನಮ್ಮ ಮೊದಲ ಗಿರಾಕಿ ಇಂಡಿ ಊರಿನ ಲಿಂಬೆಹಣ್ಣಿನ ವ್ಯಾಪಾರಿ ಸಿದ್ರಾಮಪ್ಪ ಸಾವಕಾರರು. ಹೊರಗಿನ ಮಾರುಕಟ್ಟೆಯವರು ನೋಡಿ ಮಾಲು ಕೇಳಲಿ ಎಂದು ಸೈಟ್ ಮಾಡಿಸಿದರು. ನಾನು ಸಪ್ಪೆ ವ್ಯವಸ್ಥೆಯಲ್ಲಿ ಒಂದು ಮಾದರಿ ಮಾಡಿ ತೋರಿಸಿದೆ.

"ನಾ ಎಲ್ಲಿ ಅದೀನೋ?" ಎಂದರು ಸಾವಕಾರರು.

"ಇಲ್ಲಿ ಅದೀರಲ್ರಿ, ಮ್ಯಾಲಿನ ಮೂಲ್ಯಾಗ."

"ಬ್ಯಾನರ್ ಹಾಕಿದ್ರ ಇಡೀ ಚೌಕ ತುಂಬಿರ್ತೇನಿ. ಇಲ್ಲಿ ಪೋಸ್ಟಿನ ತಿಕೀಟ ಮಾಡಿಟ್ಟೀಯಲ್ಲೋ ನನ್ನ!"

"ದೊಡ್ಡದು ಮಾಡಿದ್ರ ಲಿಂಬಿಹಣ್ಣ ಎಲ್ಲಿ ಹಾಕೂಣ್ರಿ?"

"ನನ್ನ ಕೈಯಾಗ ಒಂದು ಹಿಡಸು. ಸಾಕು."

ಅಂದೇ ನನ್ನ ಆಯ್ಕೆ ಮುಗಿಯಿತು. ಸೊಲ್ಲಾಪುರದ ಸಿಡಿಯ ವ್ಯವಸ್ಥೆಯಲ್ಲಿ ಸಾವಕಾರರು ಲಿಂಬೆ ಹಿಡಿದು ಎಲ್ಲಾ ಪುಟದಲ್ಲೂ ತಿರುಗಿದರು. ಖುಷಿಯಾಗಿ ನಾಲ್ಕು ಜನಕ್ಕೆ ಹೇಳಿದರು. ಪ್ರತಿ ಪುಟದ ಅಡಿಯಲ್ಲಿ ನಾನು ರೂಢಿಯಂತೆ ನಮ್ಮ ಪ್ರೆಸ್ಸಿನ ಹೆಸರು, ಊರು, ಫೋನ್ ನಂಬರು ಹಾಕಿದೆ.

ಆ ವ್ಯವಸ್ಥೆಯ ದೋಷ ನನಗೆ ಮೊದಲು ತಿಳಿದದ್ದು ಬಸವನ ಬಾಗೇವಾಡಿಯಲ್ಲಿ. ಅಲ್ಲಿನ ಒಂದು ಕಾಲೇಜಿನವರು ಪರೀಕ್ಷೆ ಮುಂದೆ ಹೋಗಿದೆ ಎಂದು ಸೂಚನೆ ಹಾಕಿಸಿದ್ದರು. ಆಮೇಲೆ ಮನಸ್ಸು ಬದಲಿಸಿ, ತೆಗೆಯಿರಿ ಎಂದರು. ನಾನು ಸೈಟಿನಲ್ಲಿ ಕಾಣುವ ಪಟ್ಟಿಯಿಂದ ಆ ಸೂಚನೆಯ ಹೆಸರನ್ನು ತೆಗೆದೆ. ಪುಟ ಕಾಣಿಸಲಿಲ್ಲ. ಮೊಳೆ ಖಾನೆಗೆ ಬಿತ್ತು ಎಂದುಕೊಂಡೆ. ಆದರೆ ಹುಡುಗರು ಇಂಟರ್ನೆಟ್ಟಿನಲ್ಲಿ ಹುಡುಕಿ ಅದೇ ಹಳೆಯ ಸೂಚನೆಯನ್ನು ತೆರೆದು, ಪರೀಕ್ಷೆಗೆ ಹೋಗದೆ ಕ್ರಿಕೆಟ್ ಆಡಿದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಎಲ್ಲರೆದುರು ನಿಲ್ಲಿಸಿ ಬೈದರು. ನಾನು ಹೋಗಿ ವೀಣಾ ಟೀಚರನ್ನು ಕೇಳಿದೆ. ಅವರು ನೋಡಿ ಹೇಳಿದರು: "ನೀವು ಬಾಗಲಾ ಮ್ಯಾಲಿನ ಹೆಸರಿನ ಹಲಗಿ ಕಿತ್ತೀರಿ ಅಷ್ಟ. ಬಾಗಲಾ ತೆರದ ಐತಿ."

ಪೂರ್ತಿ ತೆಗೆಯಬೇಕೆಂದರೆ ಸೈಟ್ ಇಟ್ಟಿರುವ ದೂರದ ಕಂಪ್ಯೂಟರಿಗೆ ಫೋನ್ ತಂತಿಯ ಮೂಲಕ ಹೋಗಿ, ಕಡತಗಳ ರಾಶಿಯಲ್ಲಿ ಅದನ್ನು ಹುಡುಕಿ ಅಳಿಸಬೇಕಿತ್ತು. ಲೈನ್ ನಡುವೆ ಕಡಿಯುತ್ತಿತ್ತು, ಕರೆಂಟ್ ಹೋಗುತ್ತಿತ್ತು. ಪೀಡೆ ಕೆಲಸ. ಅಂದು ಮಾಡಿದೆ. ಮಾಲಕರಿಗೆ ಈ ದೋಷವನ್ನು ಹೇಳಲಿಲ್ಲ. ಹೇಳಿದ್ದರೆ, ಸಿಡಿ ತಂದವರು ತಾವೇ ಆದರೂ, ಆರಿಸಿದವನು ನೀನೇ ಎನ್ನುತ್ತಿದ್ದರು. ಆದ್ದರಿಂದ ಮುಂದೆ ನಾನು ಮಾಡಿದ್ದನ್ನು ಅರಿಯದೆ ಮಾಡಿದೆ ಎಂದು ಹೇಳಲಾರೆ. ಅರಿತೇ ಮಾಡಿದೆ.

ಮುದ್ದೇಬಿಹಾಳದಲ್ಲಿ ಕಸ್ತೂರಕ್ಕ ಎಂಬವರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಕೇಂದ್ರ ನಡೆಸುತ್ತಿದ್ದರು. ವಿಧವೆಯರು, ಗಂಡನಿಂದ ದೂರ ಬಂದವರು ಅಲ್ಲೇ ಉಳಿದು ಕಲಿಯುತ್ತಿದ್ದರು. ಶಾಲೆಗಳ ಯೂನಿಫಾರ್ಮಿನ ಕೆಲಸ ಹೊರಗಿನಿಂದಲೂ ಬರಲಿ ಎಂದು ಅವರು ಸೈಟ್ ಮಾಡಿಸಿದರು. ನಾನೇ ಕ್ಯಾಮೆರಾ ಹಿಡಿದು ಹೋದೆ. ಒಬ್ಬೊಬ್ಬರನ್ನೂ ಮಶೀನಿನ ಮುಂದೆ ಕೂಡಿಸಿ ಫೋಟೋ ತೆಗೆದು ಹೆಸರು, ತವರೂರು ಕೇಳಿದೆ. ನಮ್ಮಲ್ಲಿ ಹೆಸರಿನ ಜೊತೆ ಊರು ಹೇಳದೆ ಯಾರನ್ನೂ ಗುರುತಿಸುವುದಿಲ್ಲವಲ್ಲ.

ಮೂಲೆಯ ಮಶೀನಿನಲ್ಲಿ ಒಬ್ಬಳು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಕುಳಿತಿದ್ದಳು. ಆಕೆಯ ಕಾಲಿಗೆ ಆತು ಒಂದು ಸಣ್ಣ ಹೆಣ್ಣುಮಗು ಬಟ್ಟೆಯ ಚೂರುಗಳಲ್ಲಿ ಆಡುತ್ತಿತ್ತು.

"ಮಾರಿ ಕಾಣ್ಲಿ ತಂಗಿ. ಸೆರಗು ತುಸು ಹಿಂದ ಸರಸು" ಎಂದೆ.

ಆಕೆ ಕಸ್ತೂರಕ್ಕನ ಕಡೆ ನೋಡಿದಳು. ಕಸ್ತೂರಕ್ಕ ಆಗ ಬಾಗಿಲಲ್ಲಿ ಯಾರದೋ ಜೊತೆ ಮಾತಾಡುತ್ತಿದ್ದರು. ಆಕೆ ಸೆರಗು ಸರಿಸಿದಳು. ಹೆಸರು ರೇಣವ್ವ, ತವರು ಕನ್ನೊಳ್ಳಿ ಎಂದಳು. ಸಿಡಿಯ ವ್ಯವಸ್ಥೆ ಫೋಟೋದ ಕೆಳಗೆ ಕನ್ನಡ ಅಕ್ಷರ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹೆಸರು, ಊರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ನಮ್ಮ ಹಳೆಯ ಕನ್ನಡ ಫಾಂಟಿನಲ್ಲಿ ಬರೆದಿದ್ದರೆ ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೆ ಅದು ಸಿಗುತ್ತಲೇ ಇರಲಿಲ್ಲ. ಇಂಗ್ಲಿಷಿನಲ್ಲಿದ್ದುದು ಸಿಕ್ಕಿತು.

ಸೈಟ್ ತೋರಿಸಲು ಹೋದ ದಿನ ಎಲ್ಲರೂ ಕಂಪ್ಯೂಟರಿನ ಸುತ್ತ ನಿಂತು, "ಏ, ನೀ ಎಷ್ಟ್ ಗುಂಡಗ ಕಾಣ್ತಿ ಇವ್ವಾ" ಎಂದು ಒಬ್ಬರನ್ನೊಬ್ಬರು ಕಾಡಿಸಿ ನಗುತ್ತಿದ್ದರು. ತನ್ನ ಫೋಟೋ ಬಂದಾಗ ರೇಣವ್ವ ನಗಲಿಲ್ಲ.

"ಇದು ಇಲ್ಲಿ ಅಷ್ಟ ಕಾಣ್ತೈತೇನ್ರಿ ಅಣ್ಣಾ?"

"ಎಲ್ಲಾ ಕಡೆ ಕಾಣ್ತೈತಿ" ಎಂದೆ, ಹೆಮ್ಮೆಯಿಂದ. "ಮುಂಬಯಿದಾಗ ಕುಂತೂ ನೋಡಬಹುದು."

"ಚಡಚಣದಾಗ?"

ಕೇಳುತ್ತಲೇ ಆಕೆ ಸೆರಗನ್ನು ಮತ್ತೆ ಹುಬ್ಬಿನ ತನಕ ಎಳೆದುಕೊಂಡಳು. ಕಸ್ತೂರಕ್ಕ ನನ್ನನ್ನು ಹೊರಗೆ ಕರೆದರು. ಆಕೆಯ ಗಂಡ ಚಡಚಣದ ಕಡೆಯವನು. ಎರಡು ಸಲ ಆಕೆಯ ಮೇಲೆ ಸೀಮೆಎಣ್ಣೆ ಸುರಿದವನು. ಮಗುವನ್ನು ಎತ್ತಿಕೊಂಡು ಓಡಿಬಂದವಳು ಎಲ್ಲಿದ್ದಾಳೆಂದು ತವರಿಗೂ ತಿಳಿಸಿಲ್ಲ.

"ಆಕಿದು ಇವತ್ತ ತಗದುಬಿಡ್ರಿ, ಮೌಲಾಸಾಬ್ರ. ನಾಳೆ ಅನಬ್ಯಾಡ್ರಿ."

ನಾನು ಸಿಂದಗಿಗೆ ಬಂದು ಪಟ್ಟಿಯಿಂದ ಆಕೆಯ ಫೋಟೋದ ಕೊಂಡಿ ತೆಗೆದೆ. ಪೂರ್ತಿ ಅಳಿಸಲು ಕುಳಿತಾಗ ಲೈನ್ ಸಿಗಲಿಲ್ಲ. ಕಸ್ತೂರಕ್ಕನ ಫೋನ್ ಬಂತು. "ತಗದ್ರೇನ್ರಿ?" ಎಂದರು. "ತಗದೇನ್ರಿ ಅಕ್ಕಾವರ" ಎಂದೆ. ನಾಳೆ ಅಳಿಸಿದರಾಯಿತು ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ. ಮರುದಿನ ಲಗ್ನಪತ್ರಿಕೆಗಳ ರಾಶಿ ಬಂತು. ಆಮೇಲೆ ಅದು ನನ್ನ ನೆನಪಿನಿಂದಲೇ ಜಾರಿತು.

ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಒಬ್ಬ ಮನುಷ್ಯ ಪ್ರೆಸ್ಸಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಜೇಬಿನಿಂದ ಮಡಿಚಿದ ಹಾಳೆ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟ. ರೇಣವ್ವನ ಫೋಟೋ. ಆ ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುವ ದೊಡ್ಡ ಫೋಟೋ. ಅದರಲ್ಲಿ ಕೇಂದ್ರದ ಹೆಸರಿರಲಿಲ್ಲ. ಕೆಳಗೆ ಆಕೆಯ ಹೆಸರು, ತವರೂರು. ಅದರಡಿ ನಮ್ಮ ಪ್ರೆಸ್ಸಿನ ಹೆಸರು ಮತ್ತು ಊರು.

"ಕಾಕಾ, ಇಕಿ ನಮ್ಮ ಮನಿಯಾಕಿ" ಎಂದ. "ತಲಿ ಸರಿ ಇಲ್ಲರಿ ಪಾಪ. ಕೂಸಿನ ತಗೊಂಡು ಮನಿ ಬಿಟ್ಟಾಳ. ನಮ್ಮ ಅಕ್ಕನ ಮಗಾ ಕಂಪ್ಯೂಟರಿನ್ಯಾಗ ಹೆಸರು ಹಾಕಿ ಹುಡುಕಿದಾ. ನಿಮ್ಮ ಅಡ್ರೆಸ್ ಇತ್ತು ನೋಡ್ರಿ, ದೇವರ ತೋರಿಸಿದಂಗಾತು. ಈ ಫೋಟೋ ಎಲ್ಲೀದ್ರಿ?"

ಗೊತ್ತಿಲ್ಲ ಎನ್ನಬೇಕಿತ್ತು. ಅಷ್ಟು ಅನ್ನಲೂ ಆಗಲಿಲ್ಲ. ಅಷ್ಟರಲ್ಲಿ ಮಾಲಕರು ಎದ್ದುಬಂದು ಹಾಳೆಯತ್ತ ಬಗ್ಗಿದರು. ಅವರಿಗೆ ಈ ಹೆಣ್ಣುಮಗಳ ವಿಷಯ ಏನೂ ಗೊತ್ತಿರಲಿಲ್ಲ. ನಾನು ಹೇಳಿಯೇ ಇರಲಿಲ್ಲ.

"ಏ ಮೌಲಾ, ಇದು ಮುದ್ದೇಬಿಹಾಳದ ಹೊಲಗಿ ಕೇಂದ್ರದಲ್ಲೇನೋ? ನಾವ ಮಾಡಿದ್ದು!" ಎಂದರು ಖುಷಿಯಿಂದ.

ಆ ಮನುಷ್ಯ ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಚಿದ. "ಭಾಳ ಉಪಕಾರ ಆತ್ರಿ. ಇಬ್ಬರು ಹುಡುಗ್ರನ್ನ ಕರಕೊಂಡು ನಾಳೆ ಮುಂಜಾನೆ ಹೋಗ್ತೇವಿ" ಎಂದು ನಮಸ್ಕಾರ ಮಾಡಿ ಹೋದ.

ಪ್ರೆಸ್ಸಿನ ಫೋನ್ ಮಾಲಕರ ಮೇಜಿನ ಮೇಲಿತ್ತು. ಎದ್ದು ಹೋಗಿ ಕಸ್ತೂರಕ್ಕನ ನಂಬರ್ ಒತ್ತಬೇಕು. ಅವರ ಎದುರೇ, ನಾನು ತೆಗೆದಿರಲಿಲ್ಲ ಎನ್ನಬೇಕು. ಹೊರಗೆ ಎಸ್‌ಟಿಡಿ ಬೂತ್ ಇತ್ತು. ಅದರ ತನಕ ಹೋದೆ. ಬಾಗಿಲು ಮುಟ್ಟಿ ಹಿಂದೆ ಬಂದೆ. ಕಸ್ತೂರಕ್ಕ ಊರೂರಿಗೆ ಹೇಳುತ್ತಾರೆ, ಇನ್ನು ಯಾರೂ ನನ್ನ ಕೈಗೆ ಕೆಲಸ ಕೊಡುವುದಿಲ್ಲ, ಮಾಲಕರು ಹೊರಗೆ ಹಾಕುತ್ತಾರೆ. ಇವೇ ನನ್ನ ತಲೆಯಲ್ಲಿದ್ದವು. ಒಬ್ಬಳ ಜೀವ ನನ್ನ ಒಂದು ಮಾತಿಗೆ ಕಾಯುತ್ತಿರುವಾಗ ನಾನು ನನ್ನ ಹೆಸರನ್ನು ಕಾಯುತ್ತಿದ್ದೆ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡೆ. ಕಣ್ಣು ಮುಚ್ಚಿದರೆ ಸೀಮೆಎಣ್ಣೆಯ ವಾಸನೆ ಬಂದಂತಾಗುತ್ತಿತ್ತು.

ಬೆಳಿಗ್ಗೆ ಮುದ್ದೇಬಿಹಾಳದ ಮೊದಲ ಬಸ್ ಹಿಡಿದೆ. ಅವರಿಗಿಂತ ಮೊದಲು ಮುಟ್ಟಿ, ಎದುರು ನಿಂತು ಹೇಳಿಬಿಡೋಣ ಎಂದು. ಬಸ್ ಹೊರಡುವಾಗ ಮೂವರು ಓಡಿಬಂದು ಹತ್ತಿದರು. ಬಿಳಿ ಅಂಗಿಯವನು ನನ್ನನ್ನು ನೋಡಿ, ಪಕ್ಕದಲ್ಲೇ ಬಂದು ಕುಳಿತ.

"ಓಹೋ, ಕಾಕಾ! ನೀವೂ ಮುದ್ದೇಬಿಹಾಳಕ್ಕೇನು?"

"ಇಲ್ರಿ" ಎಂದೆ. "ಬಾಗೇವಾಡಿಗೆ."

ಅಂಜಿಕೆ ಬಾಯಿಗೆ ತಂದ ಸುಳ್ಳು. ಕಂಡಕ್ಟರ್ ಬಂದಾಗ ಅವನೇ ಕೈ ಚಾಚಿದ. "ಕಾಕಾಗೂ ಒಂದು ಬಾಗೇವಾಡಿ ಕೊಡ್ರಿ. ಇವರಿಂದ ನಮ್ಮ ಸಂಸಾರ ಕೂಡಾಕತ್ತೈತಿ." ಹಿಂದಿನ ಸೀಟಿನ ಇಬ್ಬರು ನಕ್ಕರು. ಅವರ ಕಾಲ ಬಳಿ ಒಂದು ಕೈಚೀಲವಿತ್ತು. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ದೇವರ ಹಿಪ್ಪರಗಿ ದಾಟುವ ತನಕ ನಾನು ಆ ಚೀಲವನ್ನೇ ನೋಡುತ್ತಿದ್ದೆ. ಅವನು ಮಳೆಯ ಬಗ್ಗೆ, ತೊಗರಿಯ ಬಗ್ಗೆ ಮಾತಾಡಿದ. ಅಡಿಕೆ ಕೊಟ್ಟ. ನಾನು ತೆಗೆದುಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ಬಾಗೇವಾಡಿಯಲ್ಲಿ ಬಸ್ ನಿಂತಿತು. ಮೂವರೂ ಚಹಾಕ್ಕೆ ಇಳಿದರು. ನನ್ನ ಸುಳ್ಳಿನಂತೆ ನಾನೂ ಇಳಿಯಬೇಕಾಯಿತು. ಚಹಾದ ಅಂಗಡಿಯ ಪಕ್ಕದಲ್ಲೇ ಬೂತ್. ಗಾಜಿನ ಬಾಗಿಲು ಹಾಕಿಕೊಂಡೆ. ಅವನು ಕಪ್ಪು ಹಿಡಿದು ನನ್ನ ಕಡೆ ನೋಡಿ, ತಲೆಯಾಡಿಸಿ ನಕ್ಕ. ನಾನೂ ನಕ್ಕೆ. ನಗುತ್ತಲೇ ನಂಬರ್ ಒತ್ತಿದೆ.

"ಅಕ್ಕಾವರ, ನಾ ಮೌಲಾಸಾಬರಿ. ರೇಣವ್ವನ ಗಂಡ ಬರಾಕತ್ತಾನ. ಜೋಡಿ ಇಬ್ಬರು ಅದಾರ. ಆ ಫೋಟೋ ನೋಡಿ ಬಂದಾರ್ರಿ."

ಆ ಕಡೆ ಮಶೀನುಗಳ ಸದ್ದು ಕೇಳುತ್ತಿತ್ತು.

"ತಗದೇನಿ ಅಂದಿದ್ರಿ."

"ಅಂದಿದ್ದೆರಿ."

"ತಗದಿದ್ದಿಲ್ಲ?"

"ಇಲ್ರಿ."

"ಬಸ್ ಎಲ್ಲೈತಿ?"

"ನನ್ನ ಕಣ್ಣ ಮುಂದ ಐತ್ರಿ. ಬಾಗೇವಾಡ್ಯಾಗ."

ಫೋನ್ ಇಟ್ಟ ಸದ್ದು. ಹೊರಗೆ ಬಂದಾಗ ಬಸ್ ಹಾರ್ನ್ ಹಾಕುತ್ತಿತ್ತು. ಅವನು ಕಿಟಕಿಯಿಂದ ಕೈ ಬೀಸಿದ. ಬಸ್ಸಿನ ಮುಂದೆ ಅಡ್ಡ ನಿಲ್ಲಬೇಕಿತ್ತೇನೋ. ಪೊಲೀಸ್ ಠಾಣೆಗೆ ಓಡಬೇಕಿತ್ತೇನೋ. ನಾನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆ. ಅಲ್ಲಿಂದ ಮುದ್ದೇಬಿಹಾಳ ಎಷ್ಟು ಹೊತ್ತಿನ ದಾರಿ, ಕೇಂದ್ರದ ಬಾಗಿಲು ಎಷ್ಟು ಗಟ್ಟಿ, ಆ ಮಗು ಶಾಲೆಯಲ್ಲಿದ್ದರೆ ಕರೆತರುವವರು ಯಾರು, ಇದನ್ನೇ ಲೆಕ್ಕ ಹಾಕುತ್ತ ಕುಳಿತೆ. ಮತ್ತೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಸಿಂದಗಿಗೆ ಹಿಂದಿರುಗಿ ವೀಣಾ ಟೀಚರ ಕ್ಲಾಸಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡರು. ಕುಳಿತು ಆ ಫೋಟೋ ಇದ್ದಲ್ಲೆಲ್ಲ ಅಳಿಸಿದರು. ದೊಡ್ಡದು, ಸಣ್ಣದು, ತಿರುಗುವ ಸಾಲಿನದು. ಬೇರೆ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದರು. ಮುಂದೆ ನಮ್ಮ ಸೈಟುಗಳನ್ನೆಲ್ಲ ಅವರ ಸಪ್ಪೆ ವ್ಯವಸ್ಥೆಗೆ ಸಾಗಿಸಿದೆ. ಮಾಲಕರಿಗೆ ನಾನೇ ಹೇಳಿದೆ. ಜೀವಮಾನವಿಡೀ ಬೈದ ಮನುಷ್ಯ ಅಂದು ಬೈಯಲಿಲ್ಲ. "ಅವಗ ಊರು ಹೇಳಿದಾಂವ ನಾ" ಎಂದಷ್ಟೇ ಹೇಳಿ, ಗೋಡೆಯ ಕಡೆ ಮುಖ ಮಾಡಿ ಕುಳಿತರು.

ಕೆಲವು ದಿನ ಬಿಟ್ಟು ಮುದ್ದೇಬಿಹಾಳಕ್ಕೆ ಹೋದೆ. ಕೇಂದ್ರದ ಬಾಗಿಲಿನ ಒಂದು ಹಲಗೆ ಒಡೆದಿತ್ತು. ಕಸ್ತೂರಕ್ಕ ನೆಲದ ಮೇಲೆ ನೀಲಿ ಬಟ್ಟೆ ಹಾಸಿ ಕತ್ತರಿಸುತ್ತಿದ್ದರು. ನನ್ನನ್ನು ಕಂಡು ಕುಳಿತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಬಂದಿದ್ರು" ಎಂದರು. "ಬಾಗಲಾ ಒದ್ದು ಒಳಗ ಬಂದ್ರು. ಆಗ ಆಕಿ ಊರ ದಾಟಿದ್ಲು. ಕೂಸಿನ ಸಾಲ್ಯಾಗಿಂದ ಹಂಗ ಎತ್ತಿಕೊಂಡು ಹೋದ್ಲು. ಅದರ ಚಪ್ಪಲಿ ಸಾಲಿ ಕಟ್ಟಿ ಮ್ಯಾಲ ಉಳದಾವು. ಮುಂದಿನ ತಿಂಗಳದಿಂದ ಆಕಿನ್ನ ಇಲ್ಲೇ ಹೊಲಗಿ ಕಲಿಸಾಕ ಇಟ್ಕೊಳ್ಳಾಂವ್ರಿದ್ವಿ."

ನಾನು ಕೈಮುಗಿದು ನಿಂತಿದ್ದೆ. ಬಾಯಿಂದ ತಪ್ಪಾಯಿತು ಎಂಬ ಮಾತು ಹೊರಟಿತೋ ಇಲ್ಲವೋ ನೆನಪಿಲ್ಲ.

"ಈಗ ಎಲ್ಲದಾಳ್ರಿ?"

ಕತ್ತರಿ ನಿಂತಿತು. "ಅದನ್ನ ನಿಮಗ ಹೇಳಾಂಗಿಲ್ಲ."

"ನಾ ಯಾರಿಗೂ ಹೇಳೂದಿಲ್ಲ ಅಕ್ಕಾವರ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ.

"ಫೋಟೋ ತಗದಿಲ್ಲಂತ ಆವತ್ತೂ ನೀವು ಯಾರಿಗೂ ಹೇಳಲಿಲ್ಲ, ಮೌಲಾಸಾಬ್ರ."

ಇದನ್ನು ಓದುವ ಹೊಸಬರಿಗೆ ಒಂದು ಮಾತು. ರೇಣವ್ವ ಎಂಬುದು ಆಕೆಯ ನಿಜವಾದ ಹೆಸರಲ್ಲ. ಊರುಗಳಲ್ಲಿಯೂ ಒಂದನ್ನು ಬದಲಿಸಿ ಬರೆದಿದ್ದೇನೆ. ಯಾವುದನ್ನು ಎಂದು ನನ್ನನ್ನು ಕೇಳಬೇಡಿ.